ಬಣ್ಣ ಹಾಕುವ ಮೊದಲು ಒಮ್ಮೆ ನೋಡಿ



ನಮ್ಮ ಪ್ರೌಢಶಾಲೆಗಳ ವಿಜ್ಞಾನ ಪ್ರಯೋಗಗಳಲ್ಲಿ ಒಂದು ಸಣ್ಣ ಕ್ರಮವನ್ನು ಬದಲಿಸಬೇಕೆಂಬುದು ನನ್ನ ಬಹುಕಾಲದ ಅಭಿಪ್ರಾಯ. ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಡಿ ನೋಡುವ ಪ್ರಯೋಗ ನಿಮಗೆಲ್ಲ ನೆನಪಿರಬೇಕು. ಈರುಳ್ಳಿಯನ್ನು ಹೆಚ್ಚಿ, ಒಂದು ಪದರದ ಒಳಮೈಯಿಂದ ತೆಳ್ಳನೆಯ ಪೊರೆಯನ್ನು ಚಿಮುಟದಿಂದ ಎಳೆದು, ಗಾಜಿನ ಸ್ಲೈಡಿನ ಮೇಲೆ ಹರಡಿ, ಒಂದು ತೊಟ್ಟು ಸಾಫ್ರನಿನ್ ಅಥವಾ ಅಯೋಡಿನ್ ದ್ರಾವಣ ಬಿಟ್ಟು, ಕವರ್ ಸ್ಲಿಪ್ ಮುಚ್ಚಿ ನೋಡುವುದು. ಇಟ್ಟಿಗೆಯ ಗೋಡೆಯಂತೆ ಸಾಲಾಗಿ ಜೋಡಿಸಿದ ಕೋಶಗಳು, ಒಂದೊಂದರಲ್ಲೂ ಒಂದು ಚುಕ್ಕೆ. ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಪ್ರಯೋಗ ಮುಗಿಯಿತು. ನಾನು ಕೇಳುವುದಿಷ್ಟೇ: ಆ ಬಣ್ಣದ ತೊಟ್ಟನ್ನು ಹಾಕುವ ಮೊದಲು, ಅದೇ ಪೊರೆಯನ್ನು ಬರಿಯ ನೀರಿನಲ್ಲಿಟ್ಟು ಹತ್ತು ನಿಮಿಷ ಮಕ್ಕಳಿಗೆ ತೋರಿಸಬೇಕು.

ಹಲವು ವರ್ಷಗಳ ಹಿಂದೆ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ ಪ್ರಶ್ನೆಯೊಂದು ಈ ಅಭಿಪ್ರಾಯವನ್ನು ನನ್ನಲ್ಲಿ ಗಟ್ಟಿಗೊಳಿಸಿತು. ಕೆಂಪು ಬಣ್ಣ ಕುಡಿದ ಕೋಶಗಳನ್ನು ನೋಡಿ ತಲೆಯೆತ್ತಿದವನೇ, "ಸಾರ್, ಇವು ಈಗ ಬದುಕಿವೆಯಾ?" ಎಂದ. ಜೀವಶಾಸ್ತ್ರದ ತರಗತಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯನ್ನು ನಾನು ಕೇಳಿಲ್ಲ. 'ಜೀವದ ಮೂಲ ಘಟಕ' ಎಂದು ಕರಿಹಲಗೆಯ ಮೇಲೆ ಬರೆಯುತ್ತೇವೆ. ಕಣ್ಣಿಗೆ ತೋರಿಸುವುದು ಮಾತ್ರ ಜೀವ ಹೋದದ್ದನ್ನು. ಅವನಿಗೆ ಬಣ್ಣವಿಲ್ಲದ ಇನ್ನೊಂದು ಪೊರೆಯನ್ನು ಸಿದ್ಧಮಾಡಿ ಕೊಟ್ಟು, ಬೆಳಕನ್ನು ತಗ್ಗಿಸಿ ನೋಡೆಂದೆ. ಐದಾರು ನಿಮಿಷ ಏನೂ ಕಾಣುವುದಿಲ್ಲವೆಂದು ಗೊಣಗಿದ. ಆಮೇಲೆ ಸುಮ್ಮನಾದ. ಕೋಶದ ಅಂಚಿನ ಗುಂಟ ಅತಿ ಸಣ್ಣ ಕಣಗಳು ಸಾಲುಗಟ್ಟಿ ಹರಿಯುತ್ತಿದ್ದುವು. ಉಳಿದ ಮಕ್ಕಳು ಸರದಿಗಾಗಿ ಬೆಂಚಿನ ಸುತ್ತ ಮುತ್ತಿಕೊಂಡರು. ಊಟದ ಗಂಟೆ ಹೊಡೆದರೂ ಅಂದು ಯಾರೂ ಕದಲಲಿಲ್ಲ.

ಆ ಮಕ್ಕಳು ಮಾಡಿದ್ದನ್ನೇ ಇಂದು ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಅಪಾರ ವೆಚ್ಚದ ಉಪಕರಣಗಳಿಂದ ಮಾಡುತ್ತಿವೆ. ಬಣ್ಣವನ್ನಾಗಲಿ ಹೊಳೆಯುವ ಗುರುತನ್ನಾಗಲಿ ಸೇರಿಸದೆ, ಬದುಕಿರುವ ಕೋಶವನ್ನು ಗಂಟೆಗಟ್ಟಲೆ, ದಿನಗಟ್ಟಲೆ ಚಿತ್ರಿಸುತ್ತ ಅದರ ಬೆಳವಣಿಗೆಯನ್ನೂ ಚಲನೆಯನ್ನೂ ಅಳೆಯುವ ಈ ವಿಧಾನಕ್ಕೆ ಲೇಬಲ್-ಫ್ರೀ ಲೈವ್ ಸೆಲ್ ಇಮೇಜಿಂಗ್ ಎಂದು ಹೆಸರು. ಇದರ ಹಿಂದಿನ ಕಥೆಯನ್ನು ಬಲ್ಲವರಿಗೆ ನನ್ನ ಬೇಡಿಕೆ ಹಳೆಯ ಮೇಷ್ಟರೊಬ್ಬನ ಹಟವೆಂದು ತೋರಲಾರದು. ಆದ್ದರಿಂದ ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕೋಶಕ್ಕೆ ಇಂಗ್ಲಿಷಿನ 'ಸೆಲ್' ಎಂಬ ಹೆಸರು ಬಂದದ್ದೇ ಸತ್ತ ವಸ್ತುವಿನಿಂದ. 1665ರಲ್ಲಿ ರಾಬರ್ಟ್ ಹುಕ್ ತನ್ನ 'ಮೈಕ್ರೋಗ್ರಾಫಿಯಾ' ಗ್ರಂಥದಲ್ಲಿ ವರ್ಣಿಸಿದ್ದು ಬೆಂಡಿನ ಖಾಲಿ ಗೂಡುಗಳನ್ನು. ಗೋಡೆಗಳಷ್ಟೇ ಉಳಿದು ಒಳಗಿನವರು ಎಂದೋ ಬಿಟ್ಟುಹೋದ ಮನೆಗಳನ್ನು. ಅದಾದ ಸುಮಾರು ಹತ್ತು ವರ್ಷಗಳಲ್ಲಿ ಹಾಲೆಂಡಿನ ಬಟ್ಟೆಯ ವ್ಯಾಪಾರಿ ಲೇವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಕೆರೆಯ ನೀರನ್ನು ನೋಡಿ, ಅದರಲ್ಲಿ ಈಜಾಡುವ ಜೀವಿಗಳನ್ನು ಕಂಡ. 1774ರಲ್ಲಿ ಇಟಲಿಯ ಬೊನಾವೆಂತೂರಾ ಕೋರ್ತಿ ನೀರುಸಸ್ಯದ ಕೋಶದೊಳಗೆ ದ್ರವವು ಸುತ್ತುತ್ತಿರುವುದನ್ನು ವರದಿ ಮಾಡಿದ. ನನ್ನ ವಿದ್ಯಾರ್ಥಿಗಳು ಈರುಳ್ಳಿಯಲ್ಲಿ ಕಂಡದ್ದು ಇಂಥದೇ ಹರಿವು. ಹೀಗೆ ಗೋಡೆಯನ್ನು ನೋಡುವ ದಾರಿಯೂ ಹರಿವನ್ನು ನೋಡುವ ದಾರಿಯೂ ಬಹಳ ಹಿಂದಿನಿಂದ ಜೊತೆಜೊತೆಯಾಗಿ ಬಂದಿವೆ. ಶಾಲೆಗೆ ಮಾತ್ರ ಮೊದಲನೆಯದೇ ಬಂದು ಸೇರಿತು.

ಬಣ್ಣ ಏಕೆ ಬೇಕಾಯಿತು? ಕೋಶವು ಬಹುಪಾಲು ನೀರು. ಬೆಳಕು ಅದರ ಮೂಲಕ ಹಾಯುವಾಗ ಹೆಚ್ಚುಕಡಿಮೆ ಕುಂದುವುದೇ ಇಲ್ಲ. ನೀರಿನ ಲೋಟದಲ್ಲಿ ಬಿದ್ದ ಗಾಜಿನ ಚೂರಿನಂತೆ ಅದು ಇದ್ದೂ ಇಲ್ಲದಂತೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೃತಕ ಬಣ್ಣಗಳು ಕೈಗೆ ಬಂದಾಗ, ಕೋಶದ ಬೇರೆ ಬೇರೆ ಭಾಗಗಳು ಬೇರೆ ಬೇರೆ ಬಣ್ಣಗಳನ್ನು ಹೀರುತ್ತವೆಂದು ತಿಳಿಯಿತು. ಕಾಣದ್ದೆಲ್ಲ ಎದ್ದು ಕಂಡಿತು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ಬ್ಯಾಕ್ಟೀರಿಯವನ್ನು ತೋರಿಸಿದ್ದು ಬಣ್ಣದ ನೆರವಿನಿಂದಲೇ. 'ವರ್ಣತಂತು' ಎಂದು ನಾವು ಕರೆಯುವ ರಚನೆಗೆ ಸ್ವತಃ ಯಾವ ವರ್ಣವೂ ಇಲ್ಲ. ಬಣ್ಣವನ್ನು ಚೆನ್ನಾಗಿ ಹೀರುವುದರಿಂದ ಅದಕ್ಕೆ 1888ರಲ್ಲಿ ಆ ಅರ್ಥದ ಹೆಸರು ಬಂತು. ಬಣ್ಣಕ್ಕೆ ನಾವು ಎಷ್ಟು ಋಣಿಗಳೆಂಬುದನ್ನು ಆ ಹೆಸರೇ ಸಾರುತ್ತದೆ. ನಾನು ಬಣ್ಣದ ವಿರೋಧಿಯಲ್ಲ. ಆದರೆ ಈ ಬಣ್ಣಗಳನ್ನು ಹಾಕಲು ಸಾಮಾನ್ಯವಾಗಿ ಕೋಶವನ್ನು ಕೊಂದು ಗಟ್ಟಿಗೊಳಿಸಬೇಕು, ಇಲ್ಲವೇ ಬಣ್ಣವೇ ಅದನ್ನು ಕೊಲ್ಲುತ್ತದೆ. ಕಂಡದ್ದಕ್ಕೆ ತೆತ್ತ ಬೆಲೆ ಅದು.

ಈ ಬೆಲೆ ಎಷ್ಟೆಂಬುದಕ್ಕೆ ನನಗೆ ಅತ್ಯಂತ ಪ್ರಿಯವಾದ ನಿದರ್ಶನ ನರಕೋಶದ್ದು. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣದಿಂದ ನರಕೋಶಗಳನ್ನು ಕಪ್ಪಾಗಿಸುವ ವಿಧಾನ ಕಂಡುಹಿಡಿದ. ಸ್ಪೇನಿನ ರಮೋನ್ ಇ ಕಹಾಲ್ ಅದೇ ವಿಧಾನವನ್ನು ಇನ್ನಷ್ಟು ಚೊಕ್ಕಗೊಳಿಸಿ ಬಳಸಿದ. ಗಾಲ್ಜಿಗೆ ಮಿದುಳು ಒಂದೇ ಅಖಂಡ ಬಲೆಯಾಗಿ ಕಂಡಿತು. ಕಹಾಲನಿಗೆ ಬಿಡಿಬಿಡಿ ಕೋಶಗಳ ಸಮೂಹವಾಗಿ ಕಂಡಿತು. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಪಾರಿತೋಷಕ ಕೊಟ್ಟರು. ಒಂದೇ ಬಣ್ಣ, ಒಂದೇ ಬಗೆಯ ಸ್ಲೈಡುಗಳು, ಒಂದೇ ವೇದಿಕೆ, ಅಭಿಪ್ರಾಯಗಳು ಮಾತ್ರ ಉತ್ತರ ದಕ್ಷಿಣ!

ಮರುವರ್ಷ, 1907ರಲ್ಲಿ, ಅಮೆರಿಕದ ರಾಸ್ ಹ್ಯಾರಿಸನ್ ಬೇರೆ ದಾರಿ ಹಿಡಿದ. ಕಪ್ಪೆಯ ಭ್ರೂಣದಿಂದ ನರತಂತುಗಳು ಹುಟ್ಟಬೇಕಾದ ಚೂರೊಂದನ್ನು ತೆಗೆದು, ಕಪ್ಪೆಯದೇ ದುಗ್ಧರಸದ ಹನಿಯಲ್ಲಿಟ್ಟು, ಅದನ್ನು ಗಾಜಿನಿಂದ ತೂಗುಬಿಟ್ಟು, ಬಣ್ಣವಿಲ್ಲದೆ ನೋಡುತ್ತ ಕುಳಿತ. ಕೋಶದಿಂದ ಎಳೆಯೊಂದು ಹೊರಟು, ಅದರ ತುದಿ ಅಮೀಬದಂತೆ ಚಾಚುತ್ತ ಹಿಂದೆಗೆಯುತ್ತ ಮುಂದುವರಿಯುವುದು ಕಣ್ಣೆದುರೇ ನಡೆಯಿತು. ನರತಂತು ಒಂದೊಂದು ಕೋಶದಿಂದ ಹೊರಬೆಳೆಯುತ್ತದೆಂಬುದು ಊಹೆಯ ಮಾತಾಗಿ ಉಳಿಯಲಿಲ್ಲ. ಹಾಗೆ ಬೆಳೆಯುವ ತುದಿಯನ್ನು ಕಹಾಲ್ ಸತ್ತ, ಬಣ್ಣ ಕಟ್ಟಿದ ಸ್ಲೈಡಿನಲ್ಲೇ ಗುರುತಿಸಿ, ಅದು ಚಲಿಸುತ್ತಿದ್ದಿರಬೇಕೆಂದು ಮೊದಲೇ ತರ್ಕಿಸಿದ್ದನೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ. ಪ್ರತಿಭಾವಂತನಿಗೆ ನಿಂತ ಚಿತ್ರದಲ್ಲೂ ನಡಿಗೆ ಕಂಡೀತು. ಎಲ್ಲರೂ ಕಹಾಲರಲ್ಲವಲ್ಲ!

ಹ್ಯಾರಿಸನ್ನನಿಗೆ ಒಲಿದ ನೋಟವನ್ನು ಎಲ್ಲರಿಗೂ ದೊರಕಿಸಿಕೊಟ್ಟವನು ಜೀವಶಾಸ್ತ್ರಜ್ಞನಲ್ಲ, ನೆದರ್ಲೆಂಡ್ಸಿನ ಗ್ರೋನಿಂಗನ್ ನಗರದ ಭೌತವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ. ಬೆಳಕು ಒಂದು ತರಂಗ. ಕೋಶದ ಮೂಲಕ ಹಾದ ತರಂಗದ ಬಲ ಕುಂದದಿದ್ದರೂ, ಅದು ಪಕ್ಕದ ನೀರಿನಲ್ಲಿ ಹಾದ ತರಂಗಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಕೋಶದ್ದು ಸುಮಾರು 1.36ರಿಂದ 1.38. ಐದು ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗ, ದಪ್ಪದ ಕೋಶದಲ್ಲಿ ಸೂಚ್ಯಂಕದ ವ್ಯತ್ಯಾಸ 0.03 ಇದ್ದರೆ ಹಿಂದೆ ಬೀಳುವ ದೂರ 0.15 ಮೈಕ್ರೋಮೀಟರ್. ಇದು ಹಸಿರು ಬೆಳಕಿನ ತರಂಗದೂರದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಎರಡು ಸಾಲು ಮಕ್ಕಳು ಒಂದೇ ತಾಳಕ್ಕೆ ಹೆಜ್ಜೆ ಹಾಕುವಾಗ ಒಂದು ಸಾಲು ಅರೆಹೆಜ್ಜೆ ತಡವಾದಂತೆ. ನಮ್ಮ ಕಣ್ಣು ಬೆಳಕಿನ ಹೆಚ್ಚುಕಡಿಮೆಯನ್ನು ಅರಿಯಬಲ್ಲದು. ಈ ತಡವನ್ನು ಅರಿಯಲಾರದು. ಜೆರ್ನಿಕೆ ಮಾಡಿದ್ದೇನೆಂದರೆ, ವಸ್ತುವಿನಲ್ಲಿ ಚದುರದೆ ನೇರವಾಗಿ ಬರುವ ಬೆಳಕನ್ನು ಉಂಗುರದಾಕಾರದ ತಟ್ಟೆಯೊಂದರ ಮೂಲಕ ಹಾಯಿಸಿ, ಅದರ ತಾಳವನ್ನು ಕಾಲು ತರಂಗದಷ್ಟು ಬದಲಿಸಿದ. ಆಗ ಎರಡೂ ಬೆಳಕುಗಳು ಕೂಡುವಲ್ಲಿ ತಡವೆಲ್ಲ ನೆರಳು ಬೆಳಕಾಗಿ ಮೂಡಿತು. ಬಣ್ಣದ ಹನಿಯೊಂದೂ ಇಲ್ಲದೆ ಕೋಶ ಕಂಡಿತು.

ಜೆರ್ನಿಕೆ 1932ರಲ್ಲಿ ಇದನ್ನು ಯೇನಾ ನಗರದ ಜೈಸ್ ಸಂಸ್ಥೆಗೆ ಒಯ್ದು ತೋರಿಸಿದಾಗ, ಇದಕ್ಕೆ ಪ್ರಯೋಜನವಿದ್ದಿದ್ದರೆ ನಾವೇ ಎಂದೋ ಕಂಡುಕೊಂಡಿರುತ್ತಿದ್ದೆವು ಎಂಬರ್ಥದ ಉತ್ತರ ಸಿಕ್ಕಿತಂತೆ. 1953ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗಿನ ಉಪನ್ಯಾಸದಲ್ಲಿ ಅವನೇ ಇದನ್ನು ನೆನೆದಿದ್ದಾನೆ. ಆದರೂ ಮಹಾಯುದ್ಧದ ನಡುವೆ ಅದೇ ಸಂಸ್ಥೆಯಲ್ಲಿ ಆ ಸೂಕ್ಷ್ಮದರ್ಶಕ ತಯಾರಾಯಿತು. 1943ರಲ್ಲಿ ಅಲ್ಲಿನ ಕುರ್ಟ್ ಮಿಖೆಲ್, ಮಿಡತೆಯ ವೀರ್ಯಾಣುಗಳನ್ನು ಹುಟ್ಟಿಸುವ ಕೋಶ ವಿಭಜನೆಗೊಳ್ಳುವುದನ್ನು ಚಲನಚಿತ್ರವಾಗಿ ತೆಗೆದ. ನಾವು ಪಠ್ಯಪುಸ್ತಕದಲ್ಲಿ ಒಂದು, ಎರಡು, ಮೂರು ಎಂದು ಬಿಡಿಚಿತ್ರಗಳಾಗಿ ಓದುವ ಹಂತಗಳು ಅಲ್ಲಿ ಎಡೆಬಿಡದೆ ಒಂದರೊಳಗೊಂದು ಕರಗಿ ಸಾಗುತ್ತವೆ. ವರ್ಣತಂತುಗಳು ತುಯ್ದಾಡುತ್ತವೆ, ನಡುವಿಗೆ ಬಂದು ನಿಲ್ಲುತ್ತವೆ, ಬೇರ್ಪಟ್ಟು ಎರಡು ಕಡೆಗೆ ಸರಿಯುತ್ತವೆ.

ಇನ್ನೊಂದು ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1950ರ ದಶಕದಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೇವಿಡ್ ರೋಜರ್ಸ್ ತೆಗೆದ ಕಿರುಚಿತ್ರ. ಕೆಂಪು ರಕ್ತಕಣಗಳ ಸಂದಿಯಲ್ಲಿ ಬಿಳಿ ರಕ್ತಕಣವೊಂದು ಬ್ಯಾಕ್ಟೀರಿಯವನ್ನು ಬೆನ್ನಟ್ಟಿ, ತಿರುಗಿದಲ್ಲೆಲ್ಲ ತಿರುಗಿ, ಕೊನೆಗೆ ನುಂಗುತ್ತದೆ. 'ಬಿಳಿ ರಕ್ತಕಣಗಳು ರೋಗಾಣುಗಳನ್ನು ನಾಶಮಾಡುತ್ತವೆ' ಎಂಬ ಒಂದಂಕದ ಉತ್ತರವನ್ನು ಬಾಯಿಪಾಠ ಮಾಡಿದ ಮಗು ಇದನ್ನೊಮ್ಮೆ ನೋಡಿದರೆ ಆ ವಾಕ್ಯದಲ್ಲಿ ಒಂದು ಕ್ರಿಯಾಪದ ಇದೆಯೆಂಬುದು ಅದಕ್ಕೆ ತಿಳಿಯುತ್ತದೆ.

ಚಲನೆಯನ್ನು ನೋಡುವುದರಿಂದ ಹೊಸ ಸಂಗತಿಗಳೇ ಹೊರಬಿದ್ದವು. 1953ರಲ್ಲಿ ಲಂಡನ್ನಿನ ಮೈಕೆಲ್ ಅಬರ್‌ಕ್ರಾಂಬಿ ಮತ್ತು ಜೋನ್ ಹೇಸ್ಮನ್ ಕೋಳಿಯ ಭ್ರೂಣದ ಹೃದಯದಿಂದ ಬಂದ ಕೋಶಗಳ ನಡೆಯನ್ನು ಅಳೆದರು. ತೆವಳುತ್ತಿದ್ದ ಕೋಶ ಇನ್ನೊಂದಕ್ಕೆ ತಾಗಿದೊಡನೆ ಆ ದಿಕ್ಕಿನಲ್ಲಿ ನಿಂತು, ಅಂಚನ್ನು ಹಿಂದಕ್ಕೆಳೆದು, ಬೇರೆ ದಿಕ್ಕು ಹಿಡಿಯುತ್ತಿತ್ತು. ಕೆಲವು ಕ್ಯಾನ್ಸರ್ ಕೋಶಗಳು ಈ ಸಂಕೋಚವಿಲ್ಲದೆ ನುಗ್ಗುತ್ತವೆಂಬುದನ್ನು ಅಬರ್‌ಕ್ರಾಂಬಿ ಮುಂದಿನ ವರ್ಷಗಳಲ್ಲಿ ತೋರಿಸಿದ. ಸತ್ತ ಸ್ಲೈಡಿನಲ್ಲಿ ಎರಡು ಕೋಶಗಳು ಅಕ್ಕಪಕ್ಕ ಇರುವುದು ಕಂಡೀತು; ಬಂದು ತಾಗಿದವೋ, ತಾಗಿ ದೂರವಾಗುತ್ತಿವೆಯೋ ಎಂಬುದನ್ನು ಅದು ಹೇಗೆ ಹೇಳೀತು? ಇಂಥ ಕೋಶಗಳ ನಡಿಗೆ ಗಂಟೆಗೆ ಕೆಲವು ಹತ್ತು ಮೈಕ್ರೋಮೀಟರ್ ಮಾತ್ರ. ನಮ್ಮ ತಲೆಗೂದಲು ಬೆಳೆಯುವ ವೇಗಕ್ಕೂ ಅದಕ್ಕೂ ಬಹಳ ಅಂತರವಿಲ್ಲ. ಅದಕ್ಕೇ ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನು ಬೇಗಬೇಗ ಓಡಿಸಿ ನೋಡಬೇಕಾಗುತ್ತದೆ.

ಇನ್ನು ಬೆಳವಣಿಗೆ. ಬೆಳಕು ಕೋಶದಲ್ಲಿ ಎಷ್ಟು ತಡವಾಗುತ್ತದೆಂಬುದು, ನೀರನ್ನು ಬಿಟ್ಟು ಅದರಲ್ಲಿರುವ ಪ್ರೋಟೀನು ಮೊದಲಾದ ಘನಪದಾರ್ಥ ಎಷ್ಟಿದೆಯೆಂಬುದನ್ನು ಅವಲಂಬಿಸಿದೆ. ಆದ್ದರಿಂದ ತಡವನ್ನು ಅಳೆದರೆ ಕೋಶವನ್ನು ತೂಗಿದಂತೆಯೇ. 1952ರಲ್ಲಿ ರಾಬರ್ಟ್ ಬೇರರ್ ಇದನ್ನು ತೋರಿಸಿದ. ಅದೇ ವರ್ಷ ಡೇವಿಸ್ ಮತ್ತು, ಮುಂದೆ ಡಿಎನ್‌ಎ ಸಂಶೋಧನೆಗಾಗಿ ನೊಬೆಲ್ ಪಡೆದ ಮಾರಿಸ್ ವಿಲ್ಕಿನ್ಸ್ ಕೂಡ ತೋರಿಸಿದರು. ನಮ್ಮ ದೇಹದ ಒಂದು ಸಾಧಾರಣ ಕೋಶದ ಒಣತೂಕ ನೂರಾರು ಪಿಕೋಗ್ರಾಂ. ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಇದನ್ನು ಮುಟ್ಟದೆ ತೂಗುವ ತಕ್ಕಡಿ ಬೆಳಕು. 1948ರಲ್ಲಿ ಡೆನ್ನಿಸ್ ಗಾಬರ್ ರೂಪಿಸಿದ ಹಾಲೋಗ್ರಫಿಯ ತತ್ತ್ವವೂ ಇಂದಿನ ಕ್ಯಾಮೆರಾ, ಕಂಪ್ಯೂಟರುಗಳೂ ಸೇರಿ ಈಗ ಒಂದೇ ಕೋಶದ ತೂಕವನ್ನು ಅದು ಹುಟ್ಟಿದಾಗಿನಿಂದ ಎರಡಾಗಿ ಒಡೆಯುವವರೆಗೆ ಅಳೆಯಬಹುದು. ಇದರ ಮಹತ್ತ್ವ ಅಧ್ಯಾಪಕನಿಗೆ ಬೇಗ ತಿಳಿಯುತ್ತದೆ. ಐದನೆಯ, ಆರನೆಯ, ಏಳನೆಯ ತರಗತಿಗಳ ಬೇರೆ ಬೇರೆ ಮಕ್ಕಳನ್ನು ಒಂದೇ ದಿನ ಅಳೆದರೆ ಸರಾಸರಿ ಸಿಗುತ್ತದೆ. ಒಂದು ಮಗು ಹೇಗೆ ಬೆಳೆಯಿತೆಂದು ತಿಳಿಯಬೇಕಾದರೆ ಅದೇ ಮಗುವನ್ನು ವರ್ಷವರ್ಷವೂ ನೋಡಬೇಕು.

ಇಂದು ಪ್ರಯೋಗಾಲಯಗಳಲ್ಲಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯೊಳಗೆ ಕ್ಯಾಮೆರಾ ಇಟ್ಟು, ಕೆಲವು ನಿಮಿಷಗಳಿಗೊಮ್ಮೆ ಚಿತ್ರ ತೆಗೆಯುತ್ತ ಹೋಗುತ್ತಾರೆ. ಕೋಶಗಳ ಹಾಸಿನಲ್ಲಿ ಗೀರೊಂದನ್ನು ಎಳೆದು, ಅವು ಎರಡೂ ಬದಿಯಿಂದ ತೆವಳಿ ಬಂದು ಆ ಗಾಯವನ್ನು ಎಷ್ಟು ಹೊತ್ತಿನಲ್ಲಿ ಮುಚ್ಚುತ್ತವೆಂದು ನೋಡುತ್ತಾರೆ. ಕ್ಯಾನ್ಸರ್ ಕೋಶಗಳಿಗೆ ಔಷಧಿ ಕೊಟ್ಟಾಗ ಕೊನೆಯಲ್ಲಿ ಸಂಖ್ಯೆ ಎಷ್ಟಿದೆಯೆಂದು ಎಣಿಸಿದರೆ ಸಾಲದು. ಕೋಶಗಳು ಸತ್ತವೋ, ಬೆಳೆಯುವುದನ್ನು ನಿಲ್ಲಿಸಿದವೋ, ಕೆಲವು ಮಾತ್ರ ತಪ್ಪಿಸಿಕೊಂಡು ಮತ್ತೆ ಒಡೆಯತೊಡಗಿದವೋ ಎಂಬುದು ರೋಗಿಯ ಪಾಲಿಗೆ ಮೂರು ಬೇರೆ ಬೇರೆ ಸಂಗತಿಗಳು. ನಡುವೆ ನಡೆದದ್ದನ್ನು ನೋಡಿದವರು ಮಾತ್ರ ಅವನ್ನು ಬೇರ್ಪಡಿಸಬಲ್ಲರು.

ಹೊಳೆಯುವ ಗುರುತುಗಳನ್ನು ಬಳಸಿಯೂ ಜೀವಂತ ಕೋಶವನ್ನು ನೋಡಬಹುದಲ್ಲವೇ ಎಂದು ನಿಮ್ಮಲ್ಲಿ ತಿಳಿದವರು ಕೇಳಬಹುದು. ನಿಜ. ಜೆಲ್ಲಿಮೀನಿನ ಹಸಿರು ಪ್ರತಿದೀಪ್ತಿ ಪ್ರೋಟೀನಿಗಾಗಿ ಶಿಮೊಮುರಾ, ಚಾಲ್ಫಿ, ತ್ಸಿಯೆನ್ ಅವರಿಗೆ 2008ರಲ್ಲಿ ನೊಬೆಲ್ ದೊರೆಯಿತು. ಯಾವ ಪ್ರೋಟೀನು ಎಲ್ಲಿದೆಯೆಂದು ತಿಳಿಯಲು ಅಂಥ ಗುರುತು ಬೇಕೇ ಬೇಕು. ಬಣ್ಣವಿಲ್ಲದ ನೋಟ ಅದನ್ನು ಹೇಳಲಾರದು. ಆದರೆ ಗುರುತು ಹೊಳೆಯಬೇಕಾದರೆ ಪ್ರಖರ ಬೆಳಕು ಬೀಳಬೇಕು. ಆ ಬೆಳಕು ದೀರ್ಘಕಾಲ ಬಿದ್ದರೆ ಕೋಶಕ್ಕೆ ಹಾನಿ, ಗುರುತೂ ಮಾಸುತ್ತದೆ. ದಿನಗಟ್ಟಲೆ ನೋಡಬೇಕಾದಾಗ ಇದು ಸಣ್ಣ ತೊಡಕಲ್ಲ. ಬಣ್ಣವಿಲ್ಲದ ನೋಟವೂ ಪರಿಶುದ್ಧವೇನಲ್ಲ. ಜೆರ್ನಿಕೆಯ ಸೂಕ್ಷ್ಮದರ್ಶಕದಲ್ಲಿ ಕೋಶದ ಸುತ್ತ ಇಲ್ಲದ ಪ್ರಭಾವಳಿಯೊಂದು ಕಾಣುತ್ತದೆ. ಗಾಜಿನ ತಟ್ಟೆಯಲ್ಲಿ ತೆವಳುವ ಕೋಶ ದೇಹದೊಳಗೂ ಹಾಗೆಯೇ ನಡೆದುಕೊಳ್ಳುತ್ತದೆಂದು ಹೇಳಲೂ ಆಗದು. ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದೆಂದು ನಾನು ವಾದಿಸುತ್ತಿಲ್ಲ. ಮೊದಲು ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ.

2018ರಲ್ಲಿ ಹೊಸದೊಂದು ಸೇರಿತು. ಬಣ್ಣವಿಲ್ಲದ ಚಿತ್ರವನ್ನು ಕೊಟ್ಟರೆ, ಬಣ್ಣ ಹಾಕಿದ್ದರೆ ಅದು ಹೇಗೆ ಕಾಣುತ್ತಿತ್ತೆಂದು ಊಹಿಸಿ ಬರೆಯುವಂತೆ ಕಂಪ್ಯೂಟರಿಗೆ ಕಲಿಸಿದರು. ಗೂಗಲ್ ಸಂಸ್ಥೆಯ ವಿಜ್ಞಾನಿಗಳೂ ಸಿಯಾಟಲ್‌ನ ಅಲೆನ್ ಸಂಸ್ಥೆಯವರೂ ಇಂಥ ಕೆಲಸವನ್ನು ಪ್ರಕಟಿಸಿದರು. ಬಹಳ ಉಪಯುಕ್ತವಾದ ವಿದ್ಯೆ. ಆದರೆ ಅದು ಹಾಕಿದ ಬಣ್ಣ ಕಂಡದ್ದಲ್ಲ, ಊಹಿಸಿದ್ದು. ತಾನು ಕಲಿತ ಕೋಶಗಳಿಗಿಂತ ಬೇರೆಯಾದ ಕೋಶ ಎದುರಾದಾಗ ಅದು ತಪ್ಪಾಗಿಯೂ ಬಣ್ಣ ಹಾಕೀತು, ಅಷ್ಟೇ ಅಂದವಾಗಿ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸುವ ಅಭ್ಯಾಸ ಮಕ್ಕಳಿಗೆ ಚಿಕ್ಕಂದಿನಲ್ಲೇ ಆಗಬೇಕೆಂದು ನನಗೆ ಅನಿಸುವುದು ಇದಕ್ಕೇ. ಪುಸ್ತಕದ ಚಿತ್ರವನ್ನು ನೋಡಿ ರೆಕಾರ್ಡ್ ಪುಸ್ತಕದಲ್ಲಿ ನಕಲು ತೆಗೆದು, 'ನಾನು ಕಂಡದ್ದು' ಎಂದು ಬರೆಯುವ ಮಗುವಿಗೆ ಆ ಅಭ್ಯಾಸ ಬಾರದು.

ಅಧ್ಯಾಪಕ ಮಿತ್ರರ ಆಕ್ಷೇಪಗಳನ್ನು ನಾನು ಬಲ್ಲೆ. ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲಿ ಸಮಯ ಎಂಬುದು ಮೊದಲನೆಯದು. ಹತ್ತು ನಿಮಿಷ ಸಾಕು. ಬಣ್ಣ ಹಿಡಿಯಲು ಕಾಯುವ ಹೊತ್ತನ್ನು ನಾವು ಹೇಗೂ ಕಳೆಯುತ್ತೇವೆ. ಪರೀಕ್ಷೆಯಲ್ಲಿ ಕೇಳುವುದು ಭಾಗಗಳನ್ನು ಗುರುತಿಸಿದ ಚಿತ್ರವನ್ನು ಎಂಬುದು ಎರಡನೆಯದು. ಹೌದು, ಆ ಚಿತ್ರವನ್ನೂ ಬರೆಯಲಿ. ಅದರ ಪಕ್ಕದಲ್ಲಿ ಒಂದು ಕಣ ಎತ್ತಣಿಂದ ಎತ್ತ ಹೋಯಿತೆಂದು ಬಾಣದ ಗುರುತು ಹಾಕಿ, ಎಷ್ಟು ಸೆಕೆಂಡು ಹಿಡಿಯಿತೆಂದೂ ಬರೆಯಲಿ. ಬಣ್ಣವಿಲ್ಲದೆ ಕೋಶಕೇಂದ್ರ ಸರಿಯಾಗಿ ಕಾಣದು ಎಂಬುದು ಮೂರನೆಯದು. ಅದು ಕಾಣದಿರುವುದೇ ಪಾಠ. ಮೊದಲು ಹರಿವು ಕಂಡು ಚುಕ್ಕೆ ಕಾಣದೆ, ಬಣ್ಣ ಹಾಕಿದ ಮೇಲೆ ಚುಕ್ಕೆ ಕಂಡು ಹರಿವು ನಿಂತಾಗ, ಬಣ್ಣ ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂಬುದು ಹೇಳದೆಯೇ ತಿಳಿಯುತ್ತದೆ.

ಮಾಡುವ ಬಗೆಯನ್ನೂ ಹೇಳಿಬಿಡುತ್ತೇನೆ. ಶಾಲೆಯ ಸಾಧಾರಣ ಸೂಕ್ಷ್ಮದರ್ಶಕವೇ ಸಾಕು. ಕೆಳಗಿನ ಡಯಾಫ್ರಮ್ ಇದ್ದರೆ ಅದನ್ನು ಕಿರಿದುಮಾಡಿ. ಇಲ್ಲದಿದ್ದರೆ ಕನ್ನಡಿಯನ್ನು ತುಸು ಓರೆಮಾಡಿ. ಬೆಳಕು ತಗ್ಗಿದಂತೆ ಅಂಚುಗಳು ಮೂಡುತ್ತವೆ. ಈರುಳ್ಳಿಗಿಂತಲೂ ಸುಲಭವಾದದ್ದು ಕೆರೆಯಲ್ಲಿ ಬೆಳೆಯುವ ಹೈಡ್ರಿಲ್ಲಾ. ಅದರ ಎಲೆ ಎರಡೇ ಕೋಶಗಳಷ್ಟು ದಪ್ಪ. ಎಳೆಯ ಎಲೆಯೊಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬೆಳಕಿಗಿಟ್ಟು, ನಡುನರದ ಪಕ್ಕದ ಕೋಶಗಳನ್ನು ನೋಡಿದರೆ ಹಸಿರು ಕಣಗಳು ಗೋಡೆಯ ಗುಂಟ ಸುತ್ತುವುದು ಕಾಣುತ್ತದೆ. 40 ಪಟ್ಟಿನ ವಸ್ತುಮಸೂರದಲ್ಲಿ ಕಾಣುವ ವೃತ್ತದ ವ್ಯಾಸ ಸಾಮಾನ್ಯವಾಗಿ ಅರೆ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಗಡಿಯಾರವೊಂದಿದ್ದರೆ ಮಕ್ಕಳೇ ವೇಗವನ್ನು ಲೆಕ್ಕ ಹಾಕಬಹುದು. ಸೂಕ್ಷ್ಮದರ್ಶಕವೇ ಇಲ್ಲದ ಶಾಲೆಗಳಿಗೆ, ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ, ಕಾಗದವನ್ನು ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಇದೆ. ಅದರ ಹಿಂದೆ ಮೊಬೈಲ್ ಕ್ಯಾಮೆರಾ ಹಿಡಿದರೆ ಚಿತ್ರವೂ ತೆಗೆದಂತಾಯಿತು.

ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರಾಗಿದ್ದೀರಿ. ಕೆಲವರ ಮಕ್ಕಳು ಪ್ರೌಢಶಾಲೆಯಲ್ಲಿ ಓದುತ್ತಿದ್ದಾರೆ. ಮುಂದಿನ ಸಲ ಈರುಳ್ಳಿ ಹೆಚ್ಚುವಾಗ ಒಂದು ಪೊರೆಯನ್ನು ತೆಗೆದಿಟ್ಟುಕೊಳ್ಳಿ, ಬಣ್ಣದ ಸೀಸೆಯನ್ನು ಸ್ವಲ್ಪ ಹೊತ್ತು ಮುಚ್ಚಿಯೇ ಇಡಿ. ಹರಿವು ಕಂಡಿತೋ ಇಲ್ಲವೋ, ಕಣವೊಂದು ಕೋಶದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನು ನನಗೆ ಬರೆದು ತಿಳಿಸಿರಿ. ಕಾಣದಿದ್ದರೆ ಹಾಗೆಂದೇ ಬರೆಯಿರಿ. ಬೆಳಕನ್ನು ಹೇಗೆ ತಗ್ಗಿಸಿದಿರೆಂದು ಕೇಳಿ, ಎಲ್ಲಿ ತೊಡಕಾಯಿತೆಂದು ಇಬ್ಬರೂ ಸೇರಿ ಹುಡುಕೋಣ.